ಉದ್ದ ತೋಳಿನ ಅಂಗಿಯ ಹುಡುಗ

ಕ್ರೀಡಾ ಹಾಸ್ಟೆಲಿನಲ್ಲಿರುವ ತಂಗಿಗೆ,

ಮೆಡಲು ಗೆದ್ದ ಮೇಲೆ ಸಮಾಜಸೇವೆಗೆ ಇಳಿಯಬೇಕೆಂಬ ಆಸೆ ನಿನಗಿದೆಯಂತೆ. ಸಂತೋಷ. ಹಾಗಿದ್ದರೆ ನಾರ್ವೆಯ ಯೋಹಾನ್ ಓಲಾವ್ ಕೋಸ್ ಅವರ ವಿಷಯ ನೀನು ತಿಳಿದಿರಬೇಕು.

1968ರಲ್ಲಿ ಹುಟ್ಟಿದ ಕೋಸ್ ಮೊದಲಿಗೆ ಅಪ್ಪಟ ಆಟಗಾರ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್ ಹತ್ತಿರ ಬಂದಾಗ ಕಾಯಿಲೆಬಿದ್ದು ಆಸ್ಪತ್ರೆ ಸೇರಿದ್ದರು. ಎದ್ದು ಬಂದವರೇ ಐಸ್ ಸ್ಕೇಟಿಂಗ್‌ನ 1,500 ಮೀಟರ್‌ನಲ್ಲಿ ಚಿನ್ನ, 10,000 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. 1994ರ ಲಿಲ್ಲೆಹಾಮರ್ ಕೂಟವಂತೂ ತವರುನೆಲದಲ್ಲೇ ನಡೆಯಿತು. ಮೂರು ಚಿನ್ನ, ಮೂರೂ ವಿಶ್ವದಾಖಲೆ! 10,000 ಮೀಟರ್ ಅಂದರೆ 400 ಮೀಟರ್‌ನ 25 ಸುತ್ತು. ಅದನ್ನು 13 ನಿಮಿಷ 30.55 ಸೆಕೆಂಡಿನಲ್ಲಿ ಮುಗಿಸಿ, ತಮ್ಮದೇ ಹಳೆಯ ದಾಖಲೆಯಿಂದ ಸುಮಾರು 13 ಸೆಕೆಂಡು ಇಳಿಸಿದರು. ಓಡುವವಳು ನೀನು, ಅದೆಷ್ಟು ದೊಡ್ಡ ಅಂತರವೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಲಿಲ್ಲೆಹಾಮರ್‌ನಲ್ಲಿ 1,500 ಮೀಟರ್ ಗೆದ್ದದ್ದಕ್ಕೆ ಸಿಕ್ಕ ಸುಮಾರು 30,000 ಡಾಲರ್ ಬಹುಮಾನವನ್ನು ಅವರು ಯುದ್ಧಪೀಡಿತರ ನೆರವಿನ 'ಒಲಿಂಪಿಕ್ ಏಡ್' ನಿಧಿಗೆ ಕೊಟ್ಟುಬಿಟ್ಟರು. ನಾರ್ವೆ ಗೆಲ್ಲುವ ಪ್ರತಿ ಚಿನ್ನಕ್ಕೂ ತಲಾ 10 ಕ್ರೋನರ್ ಹಾಕಿ ಎಂದು ದೇಶದ ಜನರನ್ನೂ ಕೇಳಿದರು. ಆ ಸಲ ನಾರ್ವೆಗೆ ಬಂದದ್ದು 10 ಚಿನ್ನ. ಕೂಡಿದ ಹಣ ಸುಮಾರು 1.8 ಕೋಟಿ ಡಾಲರ್.

ಕೋಸ್ ಅವರ ಈ ಕಾಳಜಿಯ ಬೇರು ಇರುವುದು ಎರಿಟ್ರಿಯಾದಲ್ಲಿ. ಮೂವತ್ತು ವರ್ಷ ಯುದ್ಧದಲ್ಲಿ ಬೆಂದು 1993ರಲ್ಲಷ್ಟೇ ಸ್ವತಂತ್ರವಾದ ಆ ದೇಶಕ್ಕೆ ಕೋಸ್ ಕೂಟಕ್ಕೂ ಮುಂಚೆ ಹೋಗಿದ್ದರು. ಅಲ್ಲಿ ಹುಡುಗರ ಗುಂಪೊಂದರಲ್ಲಿ ಒಬ್ಬನಿಗೆ ಎಲ್ಲಿಲ್ಲದ ಬೇಡಿಕೆ. ಕಾರಣ, ಅವನ ಅಂಗಿಗೆ ಉದ್ದ ತೋಳಿತ್ತು. ಅಂಗಿ ಬಿಚ್ಚಿ, ಸುತ್ತಿ, ತೋಳುಗಳಿಂದ ಬಿಗಿಯಾಗಿ ಗಂಟು ಹಾಕಿದರೆ ಅದೇ ಫುಟ್‌ಬಾಲ್. ನಿಜವಾದ ಚೆಂಡು ತರುತ್ತೇನೆಂದು ಕೋಸ್ ಮಾತು ಕೊಟ್ಟರು.

ಕೂಟ ಮುಗಿದ ಮೇಲೆ ನಾರ್ವೆಯ ಮಕ್ಕಳಿಂದ ಆಟದ ಸಾಮಾನು ಕೂಡಿಸಿ, ವಿಮಾನ ತುಂಬಿಸಿಕೊಂಡು ಹೊರಟರು. ಹಸಿದವರಿಗೆ ಅನ್ನ ಕೊಡುವುದು ಬಿಟ್ಟು ಚೆಂಡು ಕೊಡುವುದೇ ಎಂದು ಸ್ವದೇಶದ ಪತ್ರಿಕೆಗಳು ತರಾಟೆಗೆ ತೆಗೆದುಕೊಂಡವು. ಆ ಪ್ರಶ್ನೆ ತಪ್ಪೇನಲ್ಲ. ಕೋಸ್‌ಗೂ ಅಳುಕು ಹುಟ್ಟಿತು. ಎರಿಟ್ರಿಯಾದ ಅಧ್ಯಕ್ಷರೆದುರು ಅದನ್ನು ತೋಡಿಕೊಂಡಾಗ ಸಿಕ್ಕ ಉತ್ತರದ ಸಾರ ಇಷ್ಟು: ಬರಿಯ ಹೊಟ್ಟೆಗಳೆಂದಲ್ಲ, ಮನುಷ್ಯರೆಂದು ನಮ್ಮನ್ನು ಕಂಡದ್ದು ಇದೇ ಮೊದಲು.

ಅಲ್ಲಿಗೇ ನಿಲ್ಲಿಸಿದ್ದರೆ ಅದೂ ಒಂದು ಫೋಟೊ ಆಗಿ ಉಳಿಯುತ್ತಿತ್ತು, ಅಷ್ಟೆ. ಕೋಸ್ ನಿಲ್ಲಿಸಲಿಲ್ಲ. 2000ದಲ್ಲಿ ಒಲಿಂಪಿಕ್ ಏಡ್‌ಗೆ ಕಾಯಂ ಸಂಸ್ಥೆಯ ರೂಪ ಬಂತು. ಟೊರಾಂಟೊದಲ್ಲಿ ಕೇಂದ್ರ ಕಚೇರಿ, ಮುಂದೆ 'ರೈಟ್ ಟು ಪ್ಲೇ' ಎಂಬ ಹೆಸರು. ಆಯಾ ಊರಿನವರನ್ನೇ ಕೋಚ್‌ಗಳನ್ನಾಗಿ ತಯಾರು ಮಾಡುವುದು, ಮಲೇರಿಯಾ, ಎಚ್‌ಐವಿ ಬಗ್ಗೆ ಮಕ್ಕಳಿಗೆ ಆಟದಲ್ಲೇ ತಿಳಿಸಿಕೊಡುವುದು ಅದರ ಕ್ರಮ. ನನ್ನ ಲೆಕ್ಕದಲ್ಲಿ ಮೂರು ಚಿನ್ನಕ್ಕಿಂತ ಈ ದುಡಿಮೆಯೇ ಕಷ್ಟದ್ದು. 2006ರ ಟ್ಯುರಿನ್ ಕೂಟದಲ್ಲಿ 500 ಮೀಟರ್ ಗೆದ್ದ ಅಮೆರಿಕದ ಸ್ಕೇಟರ್ ಜೋಯಿ ಚೀಕ್ ತಮ್ಮ 25,000 ಡಾಲರ್ ಬಹುಮಾನವನ್ನು ಡಾರ್ಫರ್‌ನ ನಿರಾಶ್ರಿತ ಮಕ್ಕಳಿಗೆಂದು ಇದೇ ಸಂಸ್ಥೆಗೆ ಕೊಟ್ಟರು.

ನೀನು ಸದ್ಯಕ್ಕೆ ಪ್ರಾಕ್ಟೀಸ್ ತಪ್ಪಿಸಬೇಡ. ರಜೆಗೆ ಹೋದಾಗ ಊರಿನ ಶಾಲೆಗೆ ಏನಾದರೂ ಕೊಡುವ ಮನಸ್ಸಾದರೆ, ಅಂಗಡಿಗೆ ಹೋಗುವ ಮುನ್ನ ಆ ಮಕ್ಕಳ ಜೊತೆ ಒಂದು ಸಂಜೆ ಆಡಿ, ಏನು ಬೇಕೆಂದು ಅವರನ್ನೇ ಕೇಳು.