ಕಂದುಪಾಚಿಯ ನೆಲೆ: ಶಂಕರಘಟ್ಟದಿಂದ ಕಡಲತಡಿಗೆ

ಭದ್ರಾ ನದಿಯ ಕಲ್ಲುಗಳ ಮೇಲೆ ಬೇಸಿಗೆಯಲ್ಲಿ ಕಾಣುವ ಜಾರುವ ಕಂದು ಲೇಪವೇ ಕಂದುಪಾಚಿ ಎಂಬ ಊಹೆ ಒಳನಾಡಿನಲ್ಲಿ ಸಸ್ಯವಿಜ್ಞಾನ ಕಲಿಯುವವರಿಗೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಆ ಲೇಪ ಬಹುಮಟ್ಟಿಗೆ ಡಯಾಟಮ್‌ಗಳದ್ದು, ಎಂದರೆ ಸಿಲಿಕಾ ಚಿಪ್ಪು ಹೊದ್ದ ಏಕಕೋಶ ಜೀವಿಗಳದ್ದು. ಇವೆರಡಕ್ಕೂ ಕಂದು ಬಣ್ಣ ಕೊಡುವ ವರ್ಣದ್ರವ್ಯ ಫ್ಯೂಕೋಜಾಂಥಿನ್ ಒಂದೇ ಆಗಿದ್ದರೂ, ನಿಜವಾದ ಕಂದುಪಾಚಿಗಳು ಬಹುಕೋಶ ಜೀವಿಗಳು, ಮತ್ತು ಅವುಗಳ ಸುಮಾರು 2000 ಪ್ರಭೇದಗಳಲ್ಲಿ ಸಿಹಿನೀರಿನವು ಬೆರಳೆಣಿಕೆಯಷ್ಟು ಮಾತ್ರ. ಹೀಗಾಗಿ 1987ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಂಥ ಊರಿನಿಂದ ಇವನ್ನು ಜೀವಂತವಾಗಿ ನೋಡಬೇಕೆಂದರೆ ಘಟ್ಟ ಇಳಿದು ಹೊನ್ನಾವರ, ಮುರುಡೇಶ್ವರ ಅಥವಾ ಕಾರವಾರದ ಕಡೆಗೆ ಹೋಗಲೇಬೇಕು.

ಹಾಗೆ ಹೋದವರಿಗೆ ಅನುಭವ ಕಲಿಸುವ ಮೊದಲ ಪಾಠವೆಂದರೆ, ಮರಳಿನ ಮೇಲೆ ಬಿದ್ದ ಪಾಚಿ ತನ್ನ ನೆಲೆಯ ವಿಷಯದಲ್ಲಿ ನಂಬಲರ್ಹ ಸಾಕ್ಷಿಯಲ್ಲ. ಸರ್ಗ್ಯಾಸಮ್ ಎಂಬ ಕಂದುಪಾಚಿಯ ಕೊಂಬೆಗಳಲ್ಲಿ ಗಾಳಿ ತುಂಬಿದ ಸಣ್ಣ ಗುಳ್ಳೆಗಳಿರುವುದರಿಂದ, ಬಂಡೆಯಿಂದ ಕಿತ್ತುಬಂದ ಗಿಡ ತೇಲುತ್ತ ಬಹುದೂರದ ದಡವನ್ನು ಸೇರಬಲ್ಲದು. ಬರಿಯ ಮರಳಿನಲ್ಲಿ ಅದು ಬೆಳೆಯುವುದಿಲ್ಲ. ಬೇರಿನಂತೆ ಕಂಡರೂ ಆಹಾರ ಹೀರದೆ ಕೇವಲ ಅಂಟಿಕೊಳ್ಳುವ ಹಿಡಿಕೆಯೊಂದು ಅದಕ್ಕಿದ್ದು, ಆ ಹಿಡಿಕೆಗೆ ಅಲುಗದ ಕಲ್ಲು ಬೇಕು. ಉದ್ದನೆಯ ಮರಳತೀರಗಳಲ್ಲಿ ಬರಿಗೈಯಾದವರು ಕಲ್ಲುಮೂತಿಗಳಲ್ಲಿ ಹುಡುಕತೊಡಗುವುದು ಈ ಕಾರಣಕ್ಕೆ.

ಬಂಡೆ ಸಿಕ್ಕ ಮಾತ್ರಕ್ಕೆ ಪಾಚಿ ಸಿಕ್ಕಿತೆಂದಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚಾಗಿ ನೀರು ಬಹಳ ಹಿಂದೆ ಸರಿದಾಗಲೇ ಸರ್ಗ್ಯಾಸಮ್ ಬೆಳೆಯುವ ತಗ್ಗಿನ ಅಂಚು ಕಾಣುವುದು. ಬೀಸಣಿಗೆಯಾಕಾರದ ಪಡೈನ ಎಂಬ ಇನ್ನೊಂದು ಕಂದುಪಾಚಿ ಬಂಡೆಯ ಮೇಲಿನ ನೀರುಗುಣಿಗಳಲ್ಲಿಯೂ ದೊರೆಯುತ್ತದೆ, ಅದರ ಮೈಮೇಲಿನ ಬಿಳಿಚು ಸುಣ್ಣದ್ದು. ಪ್ರವಾಸದ ದಿನವನ್ನು ರಜೆಯ ಪಟ್ಟಿ ನೋಡಿ ಗೊತ್ತುಮಾಡುವುದಕ್ಕಿಂತ ಉಬ್ಬರವಿಳಿತದ ಪಟ್ಟಿ ನೋಡಿ ಗೊತ್ತುಮಾಡುವುದು ಲೇಸು.

ಋತುವಿನ ಲೆಕ್ಕ ಇದಕ್ಕಿಂತಲೂ ಬಿಗಿಯಾದದ್ದು. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟುವ ಶರಾವತಿ ಮಲೆನಾಡಿನ ಮಳೆಯನ್ನು ಹೊತ್ತು ಹೊನ್ನಾವರದಲ್ಲಿ ಕಡಲು ಸೇರುತ್ತದೆ (ಶಂಕರಘಟ್ಟದ ಪಕ್ಕದ ಭದ್ರೆಯ ನೀರು ಮಾತ್ರ ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ). ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಹೊಳೆಗಳು ತರುವ ಸಿಹಿನೀರು ತೀರದ ಉಪ್ಪಿನಂಶವನ್ನು ತಗ್ಗಿಸಿ, ಮಣ್ಣು ನೀರನ್ನು ರಾಡಿಗೊಳಿಸಿ ಬೆಳಕನ್ನು ತಡೆದು, ಅಲೆಗಳ ಹೊಡೆತ ಮೃದುವಾದ ಮೈಯನ್ನು ಹರಿದುಹಾಕುವುದರಿಂದ ಬಂಡೆಗಳು ಬೋಳಾಗುತ್ತವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಬೆಳವಣಿಗೆ ಮತ್ತೆ ಮೊದಲಾಗಿ ಚಳಿಗಾಲದಲ್ಲಿ ಸಮೃದ್ಧಿಗೆ ಬರುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಮೆರೆಯುವ ಕೆಲ್ಪ್ ಎಂಬ ದೈತ್ಯ ಕಂದುಪಾಚಿಗಳ ಕಾಡು ತಣ್ಣೀರಿನ ಕಡಲುಗಳದ್ದು. ಅದನ್ನು ಅರಬ್ಬಿ ಸಮುದ್ರದ ಈ ಬೆಚ್ಚನೆಯ ದಡದಲ್ಲಿ ನಿರೀಕ್ಷಿಸುವುದು ವ್ಯರ್ಥ.

ಮಾದರಿ ಸಂಗ್ರಹದಲ್ಲಿ ಒಂದು ತೊಡಕಿದೆ. ಸರ್ಗ್ಯಾಸಮ್‌ನ ಕೆಳಗಿನ ಎಲೆಗಳೂ ಮೇಲಿನ ಎಲೆಗಳೂ ಬೇರೆ ಬೇರೆ ಆಕಾರ ತಳೆಯುವುದರಿಂದ ತುಂಡು ಕೊಂಬೆಯಿಂದ ಪ್ರಭೇದ ಗುರುತಿಸುವುದು ಕಷ್ಟ, ಹಿಡಿಕೆಸಮೇತ ಇಡೀ ಗಿಡ ಬೇಕಾಗುತ್ತದೆ. ಆದರೆ ಅನೇಕ ಪ್ರಭೇದಗಳಲ್ಲಿ ಮುಂದಿನ ಋತುವಿನ ಗಿಡ ಚಿಗುರುವುದು ಬಂಡೆಯಲ್ಲಿ ಉಳಿದ ಅದೇ ಹಿಡಿಕೆಯಿಂದ. ಆದ್ದರಿಂದ ಇಡೀ ತಂಡಕ್ಕೆ ಒಂದು ಪೂರ್ಣ ಗಿಡವನ್ನು ಮಾತ್ರ ತೆಗೆದು, ಉಳಿದವರಿಗೆ ಹಿಡಿಕೆಯ ಮೇಲಕ್ಕೆ ಕತ್ತರಿಸಿದ ಕೊಂಬೆಗಳನ್ನು ಹಂಚುವುದು ಉಚಿತವಾದ ಕ್ರಮ.