ಚೆಂಡಿನ ಬೆನ್ನು ಹತ್ತಿ ಊರು ಬಿಟ್ಟವರು



ಕಳೆದ ತಿಂಗಳು ಒಂದು ಸಂಜೆ, ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ಬಂಧುಗಳೊಬ್ಬರು ನನ್ನನ್ನು ಬಾಗಿಲ ಹೊರಗೆ ಕರೆದರು. ಅವರು ವಿಜಾಪುರದ ಕಡೆಯವರು. ತಳೇಗಾಂವದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವವರು.

"ಸರ, ನಮ್ಮ ಹುಡುಗ ಹತ್ತನೇ ಇಯತ್ತೇಕ ಬಂದಾನ. ಫುಟ್‌ಬಾಲಿನಾಗ ಭಾಳ ಚುರುಕ ಅದಾನ. ಶಾಲಿ ಸಾಕು, ಆಟದಾಗ ನೌಕರಿ ಮಾಡತೀನಿ ಅಂತಾನ. ಅದೂ ಒಂದು ನೌಕರಿ ಏನ್ರಿ? ಅವಗ ಏನಂತ ಹೇಳಲಿ?"

ಆಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ತಿಂಗಳ ಪಾಠವು ಆ ಪ್ರಶ್ನೆಗೆ ಉತ್ತರ. ಇಂಥ ಮಕ್ಕಳಿರುವ ತಂದೆತಾಯಿಗಳು ನಮ್ಮಲ್ಲಿ ಇನ್ನೂ ಅನೇಕರಿರುವುದರಿಂದ ಎಲ್ಲರಿಗೂ ಉಪಯೋಗವಾದೀತೆಂದು ನಂಬಿದ್ದೇನೆ.

1. ಮುಂಚೂಣಿಯವನ ಕೆಲಸ

ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಜನ. ಹಿಂದಿನವರು ಗೋಲು ಕಾಯುವವರು. ನಡುವಿನವರು ಚೆಂಡನ್ನು ಸಾಗಿಸುವವರು. ಮುಂದಿನವರು ಗೋಲು ಹೊಡೆಯುವವರು. ಈ ಮುಂದಿನವರಿಗೆ 'ಫಾರ್ವರ್ಡ್' ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ಐದು ಜನ ಫಾರ್ವರ್ಡುಗಳಿರುತ್ತಿದ್ದರು. ಈಗಿನ ತಂಡಗಳಲ್ಲಿ ಮೂವರು, ಇಬ್ಬರು, ಕೆಲವೊಮ್ಮೆ ಒಬ್ಬನೇ. ಹೀಗೆ ಜಾಗಗಳು ಕಡಿಮೆಯಾದವು, ಕೇಳುವವರು ಹೆಚ್ಚಾದರು.

ಈ ಕೆಲಸದ ಕಷ್ಟವೆಂದರೆ ಅದರ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಗುಮಾಸ್ತನು ಒಂದು ದಿನ ತಪ್ಪು ಬರೆದರೆ ಮರುದಿನ ತಿದ್ದಿಯಾನು. ಫಾರ್ವರ್ಡನು ಗೋಲಿನ ಮುಂದೆ ತಪ್ಪಿದರೆ ಸಾವಿರಾರು ಜನ ನೋಡಿರುತ್ತಾರೆ. ಹತ್ತು ಪಂದ್ಯ ಗೋಲು ಬಾರದಿದ್ದರೆ ಅವನ ಜಾಗದಲ್ಲಿ ಮತ್ತೊಬ್ಬನು ನಿಂತಿರುತ್ತಾನೆ. ಇದಲ್ಲದೆ ಮೊಣಕಾಲಿನ ಒಳಗಿನ ಕಟ್ಟು ಹರಿದರೆ ಶಸ್ತ್ರಕ್ರಿಯೆಯಾಗಿ ಮತ್ತೆ ಮೈದಾನಕ್ಕಿಳಿಯಲು ಬಹುಮಟ್ಟಿಗೆ ಒಂಬತ್ತು ತಿಂಗಳೋ ಒಂದು ವರ್ಷವೋ ಬೇಕು. ಏನೂ ಪೆಟ್ಟಾಗದಿದ್ದರೂ ಹೆಚ್ಚಿನವರ ಆಟ ಮೂವತ್ತೈದರೊಳಗೆ ಮುಗಿಯುತ್ತದೆ. ನಮ್ಮ ಕಾರ್ಖಾನೆಯವನು ನಿವೃತ್ತಿಯ ಮಾತೇ ಎತ್ತದ ವಯಸ್ಸು ಅದು.

2. ಬೆಂಗಳೂರಿನಿಂದ ಕಲಕತ್ತೆಗೆ

ನಮ್ಮ ನಾಡಿನಿಂದ ಹೊರಟು ಹೆಸರಾದ ಒಬ್ಬ ಫಾರ್ವರ್ಡನ ಕಥೆಯನ್ನು ಮೊದಲು ನೋಡೋಣ. ಅಹಮದ್ ಖಾನರು 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ ಬೆಳೆದರು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿ ಅವರೂ ಇದ್ದರು. ಜುಲೈ 31ರಂದು ಫ್ರಾನ್ಸಿನೊಡನೆ ನಡೆದ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತವು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದವರೂ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್.

ಮರುವರ್ಷ ಅಹಮದ್ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಆಡಿದ ಐವರು ಫಾರ್ವರ್ಡುಗಳಲ್ಲಿ ಒಬ್ಬರಾದರು. ಬಂಗಾಲದ ಜನ ಈ ಐವರನ್ನು 'ಪಂಚ ಪಾಂಡವರು' ಎಂದು ಕರೆದರು. ದಕ್ಷಿಣದಿಂದ ದುಡಿಯಲು ಬಂದ ಪರಭಾಷೆಯವರನ್ನು ಆ ಊರು ಹಾಗೆ ತನ್ನವರನ್ನಾಗಿ ಮಾಡಿಕೊಂಡಿತು. 1949, 1950, 1951 ಹೀಗೆ ಮೂರು ವರ್ಷ ಸಾಲಾಗಿ ಆ ತಂಡ ಐ.ಎಫ್.ಎ. ಶೀಲ್ಡ್ ಗೆದ್ದಿತು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅಹಮದ್ ಖಾನರಿದ್ದರು.

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಆ ಸೋಲಿನ ತರುವಾಯ ನಮ್ಮ ದೇಶದಲ್ಲಿ ಬೂಟು ಹಾಕಿ ಆಡುವುದು ಕಡ್ಡಾಯವಾಯಿತು. ಬರಿಗಾಲಿನಲ್ಲಿ ಪಳಗಿದವರಿಗೆ ಇದು ಹಳೆಯ ಯಂತ್ರ ತೆಗೆದು ಹೊಸ ಯಂತ್ರ ನಿಲ್ಲಿಸಿದಂತೆ. ಆದರೂ ಅಹಮದ್ ಖಾನರು 1959ರವರೆಗೆ ಈಸ್ಟ್ ಬೆಂಗಾಲಿನಲ್ಲಿ ಆಡಿದರು. 2017ರಲ್ಲಿ ತಮ್ಮ ತೊಂಬತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಲೆಕ್ಕ ಹಾಕಿ ನೋಡಿ. ಅಷ್ಟು ದೊಡ್ಡ ಆಟಗಾರನು ಕಲಕತ್ತೆಯಲ್ಲಿ ಆಡಿದ್ದು ಹತ್ತು ವರ್ಷ. ಆಮೇಲೆ ಬಾಳಿದ್ದು ಐವತ್ತೆಂಟು ವರ್ಷ. ಈ ಎರಡು ಅಂಕಿಗಳನ್ನು ನೆನಪಿಡಬೇಕು.

3. ಕೊಲ್ಲಾಪುರದಿಂದ ಪುಣೆಯ ದಾರಿ ಹಿಡಿದು

ಅದು ಹಳೆಯ ಕಾಲವಾಯಿತು ಎನ್ನುವವರು ನಮ್ಮ ಗಡಿಯ ಪಕ್ಕದ ಹುಡುಗನನ್ನು ನೋಡಲಿ. ಅನಿಕೇತ್ ಜಾಧವ್ 2000ದಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದವನು. ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಪುಣೆಗೆ ಬಂದು ಆಟ ಕಲಿತನು. 2017ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವಯಸ್ಸಿನೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಫಾರ್ವರ್ಡನಾಗಿ ಆಡಿದನು. ಭಾರತ ಮೂರು ಪಂದ್ಯಗಳನ್ನೂ ಸೋತಿತು. ಆದರೆ ನವೆಂಬರಿನಲ್ಲಿ ಇಂಡಿಯನ್ ಆರೋಸ್ ಎಂಬ ತರುಣರ ತಂಡದಿಂದ ಐ-ಲೀಗಿಗೆ ಇಳಿದು, ಮೊದಲ ಪಂದ್ಯದಲ್ಲಿಯೇ ಚೆನ್ನೈ ಸಿಟಿಯ ಮೇಲೆ ಎರಡು ಗೋಲು ಹೊಡೆದನು. ತರುವಾಯ ಜಮ್ಶೇಡ್‌ಪುರ, ಆಮೇಲೆ ಹೈದರಾಬಾದು. 2022ರ ಮಾರ್ಚಿನಲ್ಲಿ ಐ.ಎಸ್.ಎಲ್. ಗೆದ್ದದ್ದು ಆ ಹೈದರಾಬಾದ್ ತಂಡವೇ. ದೊಡ್ಡ ತಂಡಗಳಲ್ಲಿ ಅವನಿಗೆ ಹೆಚ್ಚಾಗಿ ಸಿಕ್ಕಿದ್ದು ನಡುವಿನ ಜಾಗವಲ್ಲ, ಅಂಚಿನ ಜಾಗ. ಸಿಕ್ಕ ಜಾಗದಲ್ಲಿ ಆಡುವುದನ್ನು ಕಲಿತವನಿಗೇ ಮುಂದೆ ಕೆಲಸವುಂಟು.

ಇನ್ನೊಂದು ವಿಷಯ. ಬಾಲೇವಾಡಿಯ ಮೈದಾನದಲ್ಲಿ ಆಡುತ್ತಿದ್ದ ಎಫ್.ಸಿ. ಪುಣೆ ಸಿಟಿ ತಂಡ 2019ರಲ್ಲಿ ಮುಚ್ಚಿತು. ಅದರ ಜಾಗಕ್ಕೆ ಬಂದದ್ದೇ ಹೈದರಾಬಾದ್ ತಂಡ. ಇಂಡಿಯನ್ ಆರೋಸ್ 2022ರಲ್ಲಿ ನಿಂತಿತು. 2025ರಲ್ಲಿ ಹೈದರಾಬಾದ್ ತಂಡವೂ ದಿಲ್ಲಿಗೆ ಹೋಯಿತು. ಅದೇ ವರ್ಷ ಜುಲೈಯಲ್ಲಿ ಐ.ಎಸ್.ಎಲ್. ಪಂದ್ಯಾವಳಿಯನ್ನೇ ತಡೆಹಿಡಿದಾಗ, ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದವರ ಸಂಬಳವನ್ನು ನಿಲ್ಲಿಸುವುದಾಗಿ ಆಗಸ್ಟಿನಲ್ಲಿ ಪ್ರಕಟಿಸಿತು. ನಮ್ಮ ತಳೇಗಾಂವದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯ ಜನರಲ್ ಮೋಟಾರ್ಸ್ ಕಾರ್ಖಾನೆ 2020ರ ಡಿಸೆಂಬರಿನಲ್ಲಿ ಕಾರು ಮಾಡುವುದನ್ನು ನಿಲ್ಲಿಸಿದ್ದನ್ನೂ, 2024ರಲ್ಲಿ ಅದು ಹ್ಯುಂಡೈಯವರ ಕೈಗೆ ಹೋದದ್ದನ್ನೂ ಕಣ್ಣಾರೆ ಕಂಡವರು ನಾವು. ಕೈಯ ಕಸುಬು ಎಷ್ಟೇ ಚೆನ್ನಾಗಿರಲಿ, ಗೇಟು ಮುಚ್ಚುವುದು ಕಸುಬುದಾರನ ಕೈಯಲ್ಲಿಲ್ಲ.

4. ಕರಾರು ಪತ್ರ

ಫಿಫಾ ಎಂಬುದು ಜಗತ್ತಿನ ಫುಟ್‌ಬಾಲ್ ಸಂಸ್ಥೆ. ಅದರ ನಿಯಮದಂತೆ ವೃತ್ತಿ ಆಟಗಾರನೆಂದರೆ ಬರಹದ ಕರಾರು ಇರುವವನು, ಮತ್ತು ಆಟಕ್ಕಾಗಿ ತಾನು ಮಾಡುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು. ಬಾಯಿಮಾತಿನಲ್ಲಿ ವೃತ್ತಿ ಇಲ್ಲ. ತಿಳಿದಿರಬೇಕಾದ ಇನ್ನು ಕೆಲವು ಸಂಗತಿಗಳು ಇವು:

ಒಂದು, ಹದಿನೆಂಟು ತುಂಬದವನ ಕರಾರು ಮೂರು ವರ್ಷ ಮೀರಬಾರದು. ದೊಡ್ಡವರಿಗೆ ಸಾಮಾನ್ಯವಾಗಿ ಐದು ವರ್ಷ.

ಎರಡು, ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರನು ಬೇರೆ ತಂಡದೊಡನೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು.

ಮೂರು, ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರನು ಲಿಖಿತ ನೋಟೀಸು ಕೊಟ್ಟು, ಹದಿನೈದು ದಿನ ಕಾಯ್ದು, ಕರಾರು ಮುರಿಯಬಹುದು.

ನಾಲ್ಕು, ಹನ್ನೆರಡನೆಯ ವಯಸ್ಸಿನಿಂದ ಹುಡುಗನನ್ನು ತಯಾರು ಮಾಡಿದ ತಂಡಗಳಿಗೆ ಮುಂದೆ ಪರಿಹಾರ ಸಲ್ಲುವ ಪದ್ಧತಿಯುಂಟು. ಆದ್ದರಿಂದ ಯಾವ ವರ್ಷ ಯಾವ ತಂಡದಲ್ಲಿ ನೋಂದಣಿಯಾಗಿತ್ತು ಎಂಬ ಕಾಗದಗಳನ್ನು ಜನ್ಮದಾಖಲೆಯೊಡನೆ ಜೋಪಾನವಾಗಿಡಬೇಕು.

"ಇಷ್ಟು ಸಾವಿರ ಕೊಡಿ, ದೊಡ್ಡ ತಂಡದಲ್ಲಿ ಪರೀಕ್ಷೆಗೆ ನಿಲ್ಲಿಸುತ್ತೇನೆ" ಎಂದು ಬರುವ ದಲಾಲಿಯನ್ನು ಬಾಗಿಲಿನಿಂದಲೇ ಕಳಿಸಿಬಿಡುವುದು ಒಳ್ಳೆಯದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. ಇಂಗ್ಲಿಷಿನ ಕಾಗದ ಬಂದರೆ ವಾಚನಾಲಯಕ್ಕೆ ತನ್ನಿರಿ. ಓದಿ ಹೇಳುವವರು ಇಲ್ಲಿ ಇದ್ದಾರೆ.

5. ತಂದೆಗೆ ಉತ್ತರ

ಈಗ ಆ ಬಂಧುಗಳ ಪ್ರಶ್ನೆಗೆ ಬರುತ್ತೇನೆ. ಹೌದು ಯಜಮಾನರೇ, ಅದೂ ಒಂದು ನೌಕರಿಯೇ. ಆದರೆ ಹತ್ತು ಹದಿನೈದು ವರ್ಷದ ನೌಕರಿ, ಅದೂ ಕಾಲು ಗಟ್ಟಿಯಿದ್ದರೆ. ಹುಡುಗನನ್ನು ತಡೆಯಬೇಡಿರಿ. ತಡೆದರೆ ಆ ಕೊರಗು ಅವನಿಗೂ ನಿಮಗೂ ಉಳಿಯುತ್ತದೆ. ಆದರೆ ಶಾಲೆ ಬಿಡಿಸಲೂ ಬೇಡಿರಿ. ಅಭ್ಯಾಸದ ಹೊತ್ತಿನಿಂದ ಶಾಲೆಗೆ ಹೋಗಲಾಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ, ಹನ್ನೆರಡನೆಯ ಪರೀಕ್ಷೆಗಳಿಗೆ ಕೂಡಲು ಬರುತ್ತದೆ. ರೈಲ್ವೆ, ಸೈನ್ಯದಂಥ ಕಡೆಗಳಲ್ಲಿ ಕ್ರೀಡಾಪಟುಗಳಿಗೆಂದು ಜಾಗಗಳುಂಟು. ಅಲ್ಲಿಯೂ ಓದಿನ ಪ್ರಮಾಣಪತ್ರ ಕೇಳುತ್ತಾರೆ. ಆಟ ಮುಗಿದ ಮೇಲೆ ತರಬೇತುದಾರನೋ ರೆಫರಿಯೋ ಆಗಬೇಕಾದರೂ ಪುಸ್ತಕ ಓದಿ ಪರೀಕ್ಷೆ ಕೊಡಬೇಕು.

ನಾವೆಲ್ಲ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಬರುವಾಗ ಒಂದು ಕಸುಬು ಕೈಯಲ್ಲಿತ್ತು. ಅದು ಕೈಕೊಟ್ಟ ದಿನ ಮತ್ತೊಂದನ್ನು ಕಲಿತೆವು. ನಿಮ್ಮ ಹುಡುಗನೂ ಅದೇ ದಾರಿಯಲ್ಲಿ ಹೊರಡುವವನು. ಅವನ ಚೀಲದಲ್ಲಿ ಬೂಟಿನ ಜೊತೆಗೆ ಹತ್ತನೆಯ ಇಯತ್ತೆಯ ಪ್ರಮಾಣಪತ್ರವೂ ಇರಲಿ. ಬರುವ ಭಾನುವಾರ ಅವನನ್ನು ವಾಚನಾಲಯಕ್ಕೆ ಕರೆದುಕೊಂಡು ಬನ್ನಿರಿ. ಗಣಿತ ಹೇಳಿಕೊಡುವವರು ಬೇಕೆಂದಿದ್ದಿರಲ್ಲ, ಆ ವ್ಯವಸ್ಥೆ ಮಾಡೋಣ.