ಟರ್ಮಿನಲ್ ಮುಚ್ಚಿದರೂ ಕೆಲಸ ನಿಲ್ಲದಂತೆ
ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೊಕ್ಕು ಕೆಲಸ ಮಾಡುವಾಗ ಇಂಟರ್‌ನೆಟ್ ಕೈಕೊಟ್ಟರೆ, ಅರ್ಧ ಮುಗಿದ ಬಿಲ್ಡ್ ಸಾಮಾನ್ಯವಾಗಿ ಅಲ್ಲಿಗೇ ನಿಂತುಹೋಗುತ್ತದೆ. ಇದಕ್ಕೆ ಮದ್ದು ಟಿಮಕ್ಸ್. 1987ರ ‘ಸ್ಕ್ರೀನ್’ ಎಂಬ ಪ್ರೋಗ್ರಾಂ ಮಾಡುತ್ತಿದ್ದ ಕೆಲಸವನ್ನೇ 2007ರಲ್ಲಿ ಬಂದ ಈ ಪ್ರೋಗ್ರಾಂ ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ. ಸೆಷನ್ ಸರ್ವರ್‌ನಲ್ಲೇ ಉಳಿಯುವುದರಿಂದ ಸಂಪರ್ಕ ಕಡಿದರೂ ಬಿಲ್ಡ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, ಡಿ ಒತ್ತಿದರೆ ಸೆಷನ್‌ನಿಂದ ಹೊರಕ್ಕೆ. ‘ಟಿಮಕ್ಸ್ ಅಟ್ಯಾಚ್’ ಎಂದು ಟೈಪಿಸಿದರೆ ಮತ್ತೆ ಒಳಕ್ಕೆ, ಕರ್ಸರ್ ಬಿಟ್ಟ ಜಾಗದಲ್ಲೇ. ಪ್ರತಿ ಪ್ರಾಜೆಕ್ಟ್‌ಗೂ ಹೆಸರಿಟ್ಟ ಒಂದೊಂದು ಸೆಷನ್ ಇದ್ದರೆ ಗೊಂದಲವಿಲ್ಲ. ಸರ್ವರ್ ರೀಬೂಟ್ ಆದರೆ ಮಾತ್ರ ಎಲ್ಲವೂ ಹೋಯಿತು.

ಇನ್ನೊಂದು ಉಳಿತಾಯ ಹಳೆಯ ಕಮ್ಯಾಂಡ್‌ಗಳದ್ದು. ಬ್ಯಾಶ್‌ನಲ್ಲಿ ಕಂಟ್ರೋಲ್-ಆರ್ ಒತ್ತಿ ನೆನಪಿರುವ ನಾಲ್ಕಕ್ಷರ ಹೊಡೆದರೆ, ಕಳೆದ ವಾರದ ಮಾರುದ್ದದ ಡಾಕರ್ ಕಮ್ಯಾಂಡ್ ಎದುರಿಗೆ ಬರುತ್ತದೆ. ಆದರೆ ಬ್ಯಾಶ್ ಇಟ್ಟುಕೊಳ್ಳುವ ಇತಿಹಾಸದ ಮೂಲ ಮಿತಿ ಬರೀ 500 ಕಮ್ಯಾಂಡ್. ಉಬುಂಟು ಅದನ್ನು 1000ಕ್ಕೆ ಏರಿಸಿದೆ, ಅದೂ ಸಾಲದು. ಬ್ಯಾಶ್‌ಆರ್‌ಸಿ ಕಡತದಲ್ಲಿ ಹಿಸ್ಟ್‌ಸೈಜ್, ಹಿಸ್ಟ್‌ಫೈಲ್‌ಸೈಜ್ ಎರಡನ್ನೂ ಧಾರಾಳವಾಗಿ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಕಮ್ಯಾಂಡ್‌ನೊಳಗೆ ಪಾಸ್‌ವರ್ಡ್ ಬರೆದರೆ ಅದೂ ಆ ಇತಿಹಾಸದಲ್ಲಿ ಕೂರುತ್ತದೆ, ಜೋಕೆ.

ಇಂಥ ಸೆಟ್ಟಿಂಗ್ ಕಡತಗಳನ್ನೆಲ್ಲ ಒಂದು ಗಿಟ್ ರೆಪೊದಲ್ಲಿ ಇಟ್ಟರೆ ಹೊಸ ಲ್ಯಾಪ್‌ಟಾಪ್ ಬಂದ ದಿನ ಪರದಾಟವಿರದು. ಬಣ್ಣ, ಥೀಮ್‌ಗಳ ಗೀಳು ಆಮೇಲೆ.